ಬ್ಯಾಟರಿ ಬದಲಿಸುವ ಮುನ್ನ

ಕ್ಯಾರವಾನ್ ಇಟ್ಟುಕೊಂಡವರು ಹೇಳುವ ದೂರು ಹೆಚ್ಚುಕಡಿಮೆ ಒಂದೇ. ಬೆಂಗಳೂರಿನಿಂದ ಹಂಪಿಯವರೆಗೆ ಹಗಲೆಲ್ಲ ಗಾಡಿ ಓಡಿದೆ, ಆದರೂ ನಡುರಾತ್ರಿಗೆ ಮುಂಚೆಯೇ ಫ್ರಿಜ್ ನಿಲ್ಲುತ್ತದೆ. ಕೇಳಿದವರೆಲ್ಲ ಕೊಡುವ ಸಲಹೆ, ‘ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ.’ ಒಳ್ಳೆಯ ಬ್ಯಾಟರಿಗಳು ಹೀಗೆ ಗುಜರಿಗೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಮೊದಲು ನೋಡಬೇಕಾದದ್ದು ವೈರು.

ಆಲ್ಟರ್ನೇಟರ್ ಇರುವುದು ಎಂಜಿನ್ ಬಳಿ, ಒಳಗಿನ ದೀಪ, ಫ್ಯಾನು, ಫ್ರಿಜ್‌ಗಳ ಬ್ಯಾಟರಿ ಹಿಂದೆಲ್ಲೋ ಸೀಟಿನಡಿ. ಆರು ಮೀಟರ್ ದೂರಕ್ಕೆ 4 ಚದರ ಮಿ.ಮೀ. ತಾಮ್ರದ ವೈರು ಎಳೆದು 30 ಆಂಪಿಯರ್ ಹರಿಸಿದರೆ ದಾರಿಯಲ್ಲೇ ಸುಮಾರು ಮುಕ್ಕಾಲು ವೋಲ್ಟ್ ಕರಗುತ್ತದೆ. 16 ಚದರ ಮಿ.ಮೀ. ಆದರೆ 0.2 ವೋಲ್ಟ್ ಅಷ್ಟೇ. ಮುಕ್ಕಾಲು ವೋಲ್ಟ್ ಏನು ಮಹಾ ಎನ್ನಬೇಡಿ. ಲೆಡ್ ಆಸಿಡ್ ಬ್ಯಾಟರಿ ಸರಿಯಾಗಿ ತುಂಬಲು 14.4 ವೋಲ್ಟ್ ಆಸುಪಾಸು ಬೇಕು. ದಿನವೂ 13.5 ಮಾತ್ರ ಸಿಕ್ಕರೆ ಅದು ಅರೆಹೊಟ್ಟೆಯಲ್ಲೇ ಉಳಿಯುತ್ತದೆ, ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಹೊಸದು ತಂದಿಟ್ಟರೂ ಅದಕ್ಕೂ ಇದೇ ಗತಿ.

ಪರೀಕ್ಷೆಗೆ ಸಾಧಾರಣ ಮಲ್ಟಿಮೀಟರ್ ಸಾಕು. ಆದರೆ ತುಂಬಿದ ಬ್ಯಾಟರಿಯ ಮೇಲೆ ಪರೀಕ್ಷಿಸಬೇಡಿ. ಕರೆಂಟ್ ಹರಿಯದಿದ್ದರೆ ವೋಲ್ಟೇಜ್ ಕುಸಿಯುವುದಿಲ್ಲ, ದೋಷವೂ ಕಾಣುವುದಿಲ್ಲ. ರಾತ್ರಿಯೆಲ್ಲ ಬಳಸಿ, ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ, ಸ್ವಲ್ಪ ರೇಸ್ ಕೊಟ್ಟು ಹಿಡಿಯಿರಿ. ಮೀಟರಿನ ಕೆಂಪು ಕಡ್ಡಿ ಆಲ್ಟರ್ನೇಟರಿನ ದಪ್ಪ ಬೋಲ್ಟಿಗೆ, ಕಪ್ಪು ಕಡ್ಡಿ ಹಿಂದಿನ ಬ್ಯಾಟರಿಯ ಪ್ಲಸ್‌ಗೆ. ಮೀಟರ್ ತೋರಿಸುವುದಷ್ಟೂ ದಾರಿಯಲ್ಲಿ ಕಳೆದದ್ದು. ಅರ್ಧ ವೋಲ್ಟ್ ದಾಟಿದರೆ ಫ್ಯೂಸ್, ರಿಲೇ, ಲಗ್ ಒಂದೊಂದರ ಎರಡೂ ಬದಿ ಕಡ್ಡಿ ಇಡುತ್ತ ಬನ್ನಿ. ಕಳ್ಳ ಅಲ್ಲೇ ಸಿಗುತ್ತಾನೆ.

ಹೆಚ್ಚಿನವರು ಪ್ಲಸ್ ನೋಡಿ ಮುಗಿಸಿಬಿಡುತ್ತಾರೆ. ನನ್ನ ಅನುಮಾನ ಯಾವಾಗಲೂ ಅರ್ಥ್ ಮೇಲೆ. ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ಮೈನಸ್‌ಗೂ ಅಳೆಯಿರಿ. ಚಾಸಿಗೆ ಬಿಗಿದ ಅರ್ಥ್ ಲಗ್‌ನ ಕೆಳಗೆ ಪೇಂಟ್ ಹಾಗೇ ಉಳಿದಿರುತ್ತದೆ. ಕರಾವಳಿಯ ಗಾಡಿಯಾದರೆ ಕವಚ ಬಿಚ್ಚಿ ನೋಡಿ: ಹೊರಗೆ ಮಿರಮಿರ ಮಿಂಚುವ ಲಗ್, ಒಳಗೆ ಹಸಿರುಗಟ್ಟಿ ಪುಡಿಯಾದ ತಾಮ್ರದ ಎಳೆಗಳು. ಕೈಯಿಂದ ಎಳೆದರೆ ಭದ್ರವಾಗಿಯೇ ಇರುತ್ತದೆ, ಹತ್ತು ನಿಮಿಷ ಚಾರ್ಜ್ ಆದ ಮೇಲೆ ಮುಟ್ಟಿದರೆ ಕಾದಿರುತ್ತದೆ.

ಹೊಸ ಡೀಸೆಲ್ ಗಾಡಿಗಳದ್ದು ಬೇರೆ ಕಥೆ. ಹಲವು ಗಾಡಿಗಳಲ್ಲಿ ಇಂಧನ ಉಳಿಸಲು ಕಂಪ್ಯೂಟರೇ ಆಲ್ಟರ್ನೇಟರಿನ ವೋಲ್ಟೇಜ್ ತಗ್ಗಿಸುತ್ತದೆ. ಅಲ್ಲಿ ಬರೀ ರಿಲೇ ಸಾಲದು, ಡಿಸಿ-ಡಿಸಿ ಚಾರ್ಜರ್ ಬೇಕೇ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಹಾಕಿಸಿಕೊಂಡವರು ವೋಲ್ಟೇಜ್ ನೋಡಿ ಎಷ್ಟು ಚಾರ್ಜ್ ಉಳಿದಿದೆ ಎಂದು ಅಂದಾಜಿಸಲು ಹೋಗಬೇಡಿ. ಬಹುಪಾಲು ಖಾಲಿಯಾಗುವವರೆಗೂ ಅದು 13 ವೋಲ್ಟ್ ಆಸುಪಾಸಿನಲ್ಲೇ ನಿಂತಿರುತ್ತದೆ. ಲಡಾಖ್‌ನ ಚಳಿಯಲ್ಲಿ ಚಾರ್ಜ್ ನಿಂತರೆ ಗಾಬರಿ ಬೇಡ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ ಕೆಡುತ್ತದೆಂದು ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್ (ಬಿಎಂಎಸ್) ತಾನೇ ತಡೆದಿರುತ್ತದೆ. ಬಿಸಿಲೇರಿ ಬ್ಯಾಟರಿ ಬೆಚ್ಚಗಾಗುವ ತನಕ ಕಾಯಿರಿ.