ಗೋಡೆಯ ಏ.ಸಿ.: ಚಿತ್ರದಲ್ಲಿ ಬರಿಯ ಗೆರೆಯಾದ ಕೊಳವೆ

ಶೀತಲೀಕರಣದ ಪಾಠ ಬಂದಾಗ ಕಪ್ಪುಹಲಗೆಯ ಮೇಲೆ ನಾಲ್ಕು ಚೌಕಗಳನ್ನು ಬರೆಯುವುದು ರೂಢಿ. ಕಂಪ್ರೆಸರ್, ಕಂಡೆನ್ಸರ್, ವ್ಯಾಕೋಚನ ಸಾಧನ, ಇವಾಪೊರೇಟರ್. ನಡುವೆ ನಾಲ್ಕು ಗೆರೆ ಎಳೆದು ಬಾಣದ ಗುರುತು ಹಾಕಿದರೆ ಚಿತ್ರ ಮುಗಿಯಿತು. ಪರೀಕ್ಷೆಯಲ್ಲಿ ಚೌಕಗಳಿಗೆ ಅಂಕವಿದೆ, ಗೆರೆಗಳಿಗಿಲ್ಲ. ಆದರೆ ಗೋಡೆಗೆ ಕೂರಿಸುವ ಸ್ಪ್ಲಿಟ್ ಏ.ಸಿ.ಯಲ್ಲಿ ಚೌಕಗಳೆಲ್ಲ ಕಾರ್ಖಾನೆಯಲ್ಲಿ ಸಿದ್ಧವಾಗಿ ಬರುತ್ತವೆ. ನಿಮ್ಮ ಮನೆಯಲ್ಲಿ, ಒಂದೆರಡು ಗಂಟೆಯಲ್ಲಿ, ಕೈಯಿಂದ ತಯಾರಾಗುವ ಭಾಗವೆಂದರೆ ಎರಡು ಗೆರೆಗಳು. ಅವೇ ಒಳಘಟಕ, ಹೊರಘಟಕಗಳನ್ನು ಕೂಡಿಸುವ ತಾಮ್ರದ ಕೊಳವೆಗಳು. ಅವುಗಳನ್ನು ಗೆರೆಯೆಂದೇ ಭಾವಿಸುವ ಪಠ್ಯವೂ ಗೆರೆಯಂತೆಯೇ ಜೋಡಿಸಿ ಹೋಗುವ ಮೆಕ್ಯಾನಿಕ್ಕನೂ ಮಾಡುವ ತಪ್ಪು ಒಂದೇ.

ಮೊದಲು ಪಠ್ಯದ ಮಾತು. ಚಿತ್ರದ ಪ್ರಕಾರ ಹೊರಗಿನಿಂದ ಒಳಕ್ಕೆ ಬರುವ ಸಣ್ಣ ಕೊಳವೆಯಲ್ಲಿ ಬೆಚ್ಚಗಿನ ದ್ರವ ಹರಿಯಬೇಕು. ಏ.ಸಿ. ತಂಪು ಮಾಡುತ್ತಿರುವಾಗ ಹೊರಘಟಕದ ಪಕ್ಕದಲ್ಲಿ ಆ 6.35 ಮಿಮೀ ಕೊಳವೆಯನ್ನು ಮುಟ್ಟಿ ನೋಡಿ. ಅದು ತಣ್ಣಗಿರುತ್ತದೆ, ದಪ್ಪ ಕೊಳವೆಯೂ ತಣ್ಣಗಿರುತ್ತದೆ. ಪಾಠ ಕೇಳಿದ ವಿದ್ಯಾರ್ಥಿ ಇಲ್ಲಿ ಗಲಿಬಿಲಿಗೊಂಡರೆ ಆಶ್ಚರ್ಯವಿಲ್ಲ. ಕಾರಣವಿಷ್ಟೆ: ಗೋಡೆಯ ಏ.ಸಿ.ಗಳಲ್ಲಿ ಸಾಮಾನ್ಯವಾಗಿ ವ್ಯಾಕೋಚನ ಸಾಧನ, ಅದು ಲೋಮನಾಳವಿರಲಿ ವಿದ್ಯುನ್ಮಾನ ಕವಾಟವಿರಲಿ, ಹೊರಘಟಕದೊಳಗೇ ಇರುತ್ತದೆ. ಆದ್ದರಿಂದ ಸಣ್ಣ ಕೊಳವೆಯಲ್ಲಿ ಬರುವುದು ಆಗಲೇ ಒತ್ತಡ ಇಳಿದು ತಣಿದ ದ್ರವ ಮತ್ತು ಆವಿಯ ಮಿಶ್ರಣ. ಅದಕ್ಕೆ ಹೊದಿಕೆಯಿಲ್ಲದಿದ್ದರೆ ಬಿಸಿಲಿಗೆ ಕಾದ ಗೋಡೆಯ ಶಾಖವನ್ನು ಹೀರಿ ಶೀತಕ ದಾರಿಯಲ್ಲೇ ಕುದಿಯುತ್ತದೆ. ಕೋಣೆಗೆ ಸಲ್ಲಬೇಕಾದ ತಂಪು ತಾರಸಿಯ ಗೋಡೆಗೆ ಸಲ್ಲುತ್ತದೆ. ದಪ್ಪ ಕೊಳವೆಗೆ ಮಾತ್ರ ಕಪ್ಪು ನೊರೆಯ ಹೊದಿಕೆ ತೊಡಿಸಿ ಸಣ್ಣದನ್ನು ಬೆತ್ತಲೆ ಬಿಡುವವರು ಪಾಠಪುಸ್ತಕದ ಚಿತ್ರವನ್ನು ನಂಬಿದಂತಿದೆ. ಎರಡಕ್ಕೂ ಬೇರೆ ಬೇರೆ ಹೊದಿಕೆ ಬೇಕು.

ಇನ್ನು ಜೋಡಣೆ. ಕೊಳವೆಯ ತುದಿಯನ್ನು 45 ಡಿಗ್ರಿಯ ಕೊಳಗದಂತೆ ಅರಳಿಸಿ ಹಿತ್ತಾಳೆಯ ನಟ್ಟಿನಿಂದ ಬಿಗಿಯುವ ವಿಧಾನ ಹಳೆಯದು, ಒಳ್ಳೆಯದೂ ಹೌದು. ಕತ್ತರಿಸಿದ ಅಂಚಿನ ಸಿಬಿರನ್ನು ಕೆರೆಯುವಾಗ ಕೊಳವೆಯ ಬಾಯಿ ಕೆಳಮುಖವಾಗಿರಬೇಕು, ಇಲ್ಲವಾದರೆ ತಾಮ್ರದ ಚೂರು ಒಳಗೆ ಬೀಳುತ್ತದೆ. ಹಳೆಯ ಆರ್-22 ಶೀತಕದ ಒತ್ತಡ 45° ಸೆ.ನಲ್ಲಿ ಸುಮಾರು 17 ಬಾರ್ ಇದ್ದರೆ ಈಗಿನ ಆರ್-32ರದು ಸುಮಾರು 28 ಬಾರ್. ಅಂದಿನ ಕೈಯಂದಾಜು ಇಂದಿನ ನಟ್ಟಿಗೆ ಸಾಲದು.

ಎಲ್ಲಕ್ಕಿಂತ ದೊಡ್ಡ ಆಕ್ಷೇಪ ಇದರ ಮುಂದಿನ ಹಂತದ ಬಗ್ಗೆ. ಜೋಡಣೆ ಮುಗಿದಾಗ ಕೊಳವೆಯ ತುಂಬ ಇರುವುದು ಗಾಳಿ. ಅದನ್ನು ನಿರ್ವಾತ ಪಂಪಿನಿಂದ ತೆಗೆದು, ಆಮೇಲೆ ಹೊರಘಟಕದಲ್ಲಿ ಬಂಧಿತವಾಗಿರುವ ಶೀತಕವನ್ನು ಬಿಡಬೇಕು. ಪಂಪ್ ತಾರದವರ ಉಪಾಯ ಬೇರೆ. ಸಣ್ಣ ಕೊಳವೆಯ ಕವಾಟವನ್ನು ತುಸು ತೆರೆದು, ದಪ್ಪ ಕೊಳವೆಯ ನಟ್ಟನ್ನು ಸಡಿಲಿಸಿ, ಕೆಲವು ಸೆಕೆಂಡು ಬುಸ್ಸೆನ್ನಿಸಿ, ಮತ್ತೆ ಬಿಗಿದುಬಿಡುವುದು. 'ಗ್ಯಾಸ್ ಗಾಳಿಯನ್ನು ತಳ್ಳಿಬಿಟ್ಟಿತು, ಸಾರ್' ಎಂಬ ಸಮಾಧಾನ ಬೇರೆ. ಅನಿಲವೇನು ಪಿಚಕಾರಿಯ ಕೊಂತವೆ? ಅದು ಗಾಳಿಯನ್ನು ಸ್ವಲ್ಪ ತಳ್ಳುತ್ತದೆ, ಬಹಳಷ್ಟು ಬೆರೆಯುತ್ತದೆ.

ಉಳಿದ ಗಾಳಿ ಏನು ಮಾಡೀತು? ಲೆಕ್ಕ ಹಾಕೋಣ. ಐದು ಮೀಟರಿನ ಕೊಳವೆ ಜೋಡಿಯೊಂದರ (ಹೊರವ್ಯಾಸ 6.35 ಮತ್ತು 12.7 ಮಿಮೀ) ಒಳಗಾತ್ರ ಸುಮಾರು ಅರ್ಧ ಲೀಟರ್. ಗಾಳಿ ಕಂಡೆನ್ಸರಿನಲ್ಲಿ ದ್ರವವಾಗದು. ಆದ್ದರಿಂದ ಅಲ್ಲಿಯೇ ಶೇಖರವಾಗುತ್ತದೆ. ಆ ಅರ್ಧ ಲೀಟರೂ ಒಂದು ಲೀಟರಿನ ಜಾಗದಲ್ಲಿ ಸೇರಿದರೆ ಡಾಲ್ಟನ್ ನಿಯಮದಂತೆ ಶೀತಕದ ಒತ್ತಡದ ಮೇಲೆ ಸುಮಾರು ಅರ್ಧ ವಾಯುಭಾರದಷ್ಟು ಆಂಶಿಕ ಒತ್ತಡ ಕೂಡುತ್ತದೆ. ಒಳಘಟಕದ ಸುರುಳಿಯ ಗಾಳಿ ಇದಕ್ಕೆ ಸೇರಿಲ್ಲ. ಕಂಪ್ರೆಸರ್ ಪ್ರತಿ ಸುತ್ತಿನಲ್ಲೂ ಈ ಹೆಚ್ಚುವರಿಯ ವಿರುದ್ಧ ದುಡಿಯಬೇಕು. ಕೋಣೆ ತಂಪಾಗಿಯೇ ಆಗುತ್ತದೆ. ಆದ್ದರಿಂದಲೇ ದೋಷ ಯಾರಿಗೂ ಕಾಣುವುದಿಲ್ಲ, ವಿದ್ಯುತ್ ಬಿಲ್ಲಿನಲ್ಲಿ ಮಾತ್ರ ಕುಳಿತಿರುತ್ತದೆ.

ಗಾಳಿಗಿಂತ ಕೇಡು ನೀರು. ಆರ್-32ರೊಡನೆ ಬಳಸುವ ಎಸ್ಟರ್ ವರ್ಗದ ಎಣ್ಣೆ ತೇವವನ್ನು ಬೇಗ ಹೀರುತ್ತದೆ, ನೀರಿನೊಡನೆ ವರ್ತಿಸಿ ಆಮ್ಲವಾಗುತ್ತದೆ. ಆರ್-22ರ ಜೊತೆಯ ಖನಿಜ ತೈಲಕ್ಕೆ ಈ ಚಟವಿರಲಿಲ್ಲ. ಮಂಗಳೂರಿನಂಥ ಕಡೆ 30° ಸೆ., ಶೇ. 80 ಆರ್ದ್ರತೆಯ ಅರ್ಧ ಲೀಟರ್ ಗಾಳಿಯಲ್ಲಿರುವ ನೀರು 12 ಮಿಲಿಗ್ರಾಂ. ಒಂದು ಹನಿ ನೀರೆಂದರೆ ಸುಮಾರು 50 ಮಿಲಿಗ್ರಾಂ. ತಾರಸಿಯ ಮೇಲೆ ಬಾಯಿ ಮುಚ್ಚದೆ ಇಟ್ಟ ಕೊಳವೆಗೆ ಮಳೆಯ ಒಂದು ಹನಿ ಬಿದ್ದರೆ ಗಾಳಿಯ ತೇವದ ನಾಲ್ಕು ಪಟ್ಟು ಒಳಹೊಕ್ಕಂತಾಯಿತು. ಗೋಡೆಗೆ ಅಂಟಿದ ಈ ನೀರನ್ನು 'ಬುಸ್' ಎಬ್ಬಿಸಲಾರದು; ಅದನ್ನು ಕುದಿಸಿಯೇ ತೆಗೆಯಬೇಕು. ನಿರ್ವಾತದ ಅಸಲು ಕೆಲಸ ಇದೇ. 26° ಸೆ.ನಲ್ಲಿ ನೀರು ಕುದಿಯಲು ಒತ್ತಡ ಸುಮಾರು 25 ಮಿಮೀ ಪಾದರಸಕ್ಕೆ, ಅಂದರೆ ಒಂದು ಅಂಗುಲಕ್ಕೆ, ಇಳಿಯಬೇಕು. ಪಂಪ್ ಹಚ್ಚಿದವರು ಮುಟ್ಟಬೇಕಾದ ಗುರಿ ಅದಕ್ಕಿಂತ ಬಹಳ ಕೆಳಗೆ: 500 ಮೈಕ್ರಾನ್, ಎಂದರೆ ಅರ್ಧ ಮಿಲಿಮೀಟರ್.

ಇಲ್ಲಿ ಪಂಪ್ ತರುವ ಒಳ್ಳೆಯ ಮೆಕ್ಯಾನಿಕ್ಕರೂ ಎಡವುವುದುಂಟು. ಅವರ ಮುಳ್ಳಿನ ಮಾಪಕ ಹೊರಗಿನ ವಾಯುಭಾರಕ್ಕೆ ಹೋಲಿಸಿ ಓದುತ್ತದೆ. ಕಡಲತೀರದಲ್ಲಿ ಪೂರ್ಣ ನಿರ್ವಾತವೆಂದರೆ ಹೆಚ್ಚುಕಡಮೆ 30 ಅಂಗುಲ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ವಾಯುಭಾರ 680 ಮಿಮೀ ಆಸುಪಾಸು. ಎಂಥ ಪಂಪ್ ಹಾಕಿದರೂ ಮುಳ್ಳು 27 ಅಂಗುಲ ದಾಟದು. ಪಂಪ್ ಕೆಟ್ಟಿದೆಯೆಂದು ಬೈದುಕೊಳ್ಳುವ ಅಗತ್ಯವಿಲ್ಲ. ಅದಕ್ಕಿಂತ ಮುಖ್ಯ ಸಂಗತಿಯೆಂದರೆ, ನೀರು ಆವಿಯಾಗುವ ಕೆಲಸವೆಲ್ಲ ನಡೆಯುವುದು ಆ ಕೊನೆಯ ಒಂದು ಅಂಗುಲದಲ್ಲಿ. ಅರ್ಧ ಮಿಲಿಮೀಟರನ್ನು ಆ ಮಾಪಕದ ಮೇಲೆ ಗುರುತಿಸಲು ಯಾರ ಕಣ್ಣಿಗೂ ಸಾಧ್ಯವಿಲ್ಲ. ಮೈಕ್ರಾನ್ ಮಾಪಕವೇ ಬೇಕು.

ಬುಸ್ಸೆಂದು ಹೋದ ಶೀತಕದ ಲೆಕ್ಕವೂ ಇರಲಿ. ಆರ್-32ರ ಭೂತಾಪನ ಸಾಮರ್ಥ್ಯ ಇಂಗಾಲದ ಡೈಆಕ್ಸೈಡಿನ 675 ಪಟ್ಟು. 50 ಗ್ರಾಂ ಬಿಟ್ಟರೆ 34 ಕಿಗ್ರಾಂ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಸುಮಾರು 15 ಲೀಟರ್ ಪೆಟ್ರೋಲ್ ಸುಟ್ಟದ್ದಕ್ಕೆ ಸಮ. ಕಡಿಮೆ ತಾಪನದ ಶೀತಕಗಳತ್ತ ಹೋಗಲು 2016ರ ಕಿಗಾಲಿ ತಿದ್ದುಪಡಿಗೆ 2021ರಲ್ಲಿ ಭಾರತ ಅಂಗೀಕಾರ ಕೊಟ್ಟಿತು. ಒಪ್ಪಂದ ದೂರದ ಕಿಗಾಲಿಯಲ್ಲಾಗಿದ್ದರೂ ಮುರಿಯುವುದು ನಮ್ಮ ಬಾಲ್ಕನಿಯಲ್ಲಿ. ಸಾಲದ್ದಕ್ಕೆ ಆರ್-32 ಸ್ವಲ್ಪ ಮಟ್ಟಿಗೆ ದಹನಶೀಲ.

ಮೆಕ್ಯಾನಿಕ್ಕನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಏಪ್ರಿಲ್ ತಿಂಗಳಲ್ಲಿ ಕೂಲಿ ಏ.ಸಿ.ಯ ಲೆಕ್ಕದಲ್ಲಿ ಸಿಗುವಾಗ, ಭಾರದ ಪಂಪನ್ನು ಮೂರು ಮಹಡಿ ಹೊತ್ತು ಅರ್ಧ ಗಂಟೆ ಕಾಯುವವನಿಗೆ ನಷ್ಟವೇ. ತಂಪುಗಾಳಿ ಬಂತೇ ಎಂದಷ್ಟೇ ಕೇಳುವ ಗಿರಾಕಿ, ಅಂದರೆ ನೀವು ಮತ್ತು ನಾನು, ಅವನಿಗೆ ಆ ಪಾಠವನ್ನು ಕಲಿಸಿದ್ದೇವೆ. ಬೇರೆ ಪ್ರಶ್ನೆಯನ್ನೂ ಕೇಳಬಹುದು: ಪಂಪ್ ನಿಲ್ಲಿಸಿ ಕವಾಟ ಮುಚ್ಚಿದ ಮೇಲೆ ಹತ್ತು ನಿಮಿಷದಲ್ಲಿ ಮಾಪಕ ಎಷ್ಟು ಏರಿತು? ಏರುತ್ತಲೇ ಹೋದರೆ ಎಲ್ಲೋ ಸೋರಿಕೆಯಿದೆ. ಸ್ವಲ್ಪ ಏರಿ ಒಂದು ಕಡೆ ನಿಂತರೆ ಒಳಗೆ ಇನ್ನೂ ನೀರಿದೆ, ಅದು ತನ್ನ ಆವಿಯೊತ್ತಡಕ್ಕೆ ಬಂದು ನಿಂತಿದೆ.

ಶಿಕ್ಷಕರು ಇದನ್ನು ತರಗತಿಯಲ್ಲೇ ತೋರಿಸಬಹುದು. ಸೂಜಿ ತೆಗೆದ ಸಿರಿಂಜಿಗೆ 65° ಸೆ.ನಷ್ಟು ಬಿಸಿನೀರನ್ನು ಕಾಲುಭಾಗ ಎಳೆದು, ಗಾಳಿ ಹೊರಹಾಕಿ, ಬಾಯನ್ನು ರಬ್ಬರ್ ಮುಚ್ಚಳದಿಂದ ಮುಚ್ಚಿ ಕೊಂತವನ್ನು ಬಲವಾಗಿ ಹಿಂದಕ್ಕೆಳೆಯಿರಿ. ಒಲೆಯಿಲ್ಲದೆ ನೀರು ಕುದಿಯುತ್ತದೆ. ಕೈಬಿಟ್ಟೊಡನೆ ಗುಳ್ಳೆಗಳು ಮಾಯವಾಗುತ್ತವೆ.