ಮೊದಲು ಗಾಳಿ, ಆಮೇಲೆ ಪಂಪು

ಗ್ಯಾಸ್‌ಲೈಟು ಮಂಕಾದರೆ ನಾಲ್ಕು ಪಂಪು ಹೊಡೆಯುವುದು ನಮ್ಮವರ ಹಳೇ ಚಾಳಿ. ಬೆಳಕು ಕೆಂಪಗಾದರೂ ಪಂಪು, ಮ್ಯಾಂಟಲ್ ಮಸಿ ಹಿಡಿದರೂ ಪಂಪು. ನಮ್ಮೂರಿನ ಕೋಟೆ ರಸ್ತೆ ಆಸುಪಾಸಿನ ಹಳೇ ಮನೆಗಳ ಅಟ್ಟದಿಂದ ಪೆಟ್ರೋಮ್ಯಾಕ್ಸ್ ಇಳಿಸಿ ಹಚ್ಚಲು ಹೊರಟವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಗಾಳಿ ನೋಡಿ.

1948ರಲ್ಲಿ ಜೋಗದಲ್ಲಿ ವಿದ್ಯುತ್ ಹುಟ್ಟಿತು. ಆದರೂ ಅದೇ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಆಮೇಲೂ ಬಹುಕಾಲ ಮದುವೆ ಚಪ್ಪರಕ್ಕೆ, ಬಯಲಾಟದ ರಂಗಸ್ಥಳಕ್ಕೆ ಗ್ಯಾಸ್‌ಲೈಟೇ ಗತಿ. ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಸ್ 1910ರ ಸುಮಾರಿಗೆ ರೂಪಿಸಿದ ದೀಪವಿದು. 500 ಕ್ಯಾಂಡಲ್ಲಿನದು ಒಂದು ಲೀಟರ್ ಸೀಮೆಎಣ್ಣೆಗೆ ಸುಮಾರು ಎಂಟು ಗಂಟೆ ಉರಿಯುತ್ತದೆ. ಆರಂಭದ ಚೌಕಿಪೂಜೆಯಿಂದ ಕೊನೆಯ ಮಂಗಳದವರೆಗೆ, ಒಂದು ಬಯಲಾಟಕ್ಕೆ ಸಾಕು.

ಟ್ಯಾಂಕಿನ ಒತ್ತಡಕ್ಕೆ ಎಣ್ಣೆ ಮೇಲೇರಿ, ಕಾದ ಕೊಳವೆಯಲ್ಲಿ ಆವಿಯಾಗಿ, ನಿಪ್ಪಲ್ಲಿನ ಸಣ್ಣ ತೂತಿನಿಂದ ಚಿಮ್ಮುತ್ತದೆ. ಆ ರಭಸವೇ ಸುತ್ತಲಿನ ಗಾಳಿಯನ್ನು ಮಿಶ್ರಣದ ಕೊಳವೆಯೊಳಕ್ಕೆ ಎಳೆದುಕೊಳ್ಳುತ್ತದೆ. ಒಂದು ಲೀಟರ್ ಸೀಮೆಎಣ್ಣೆ ಪೂರ್ತಿ ಉರಿಯಲು ಹೆಚ್ಚುಕಡಿಮೆ 10,000 ಲೀಟರ್ ಗಾಳಿ ಬೇಕು. ಎಣ್ಣೆಯ ಪಾಲೆಷ್ಟು, ಗಾಳಿಯ ಪಾಲೆಷ್ಟು ಎನ್ನುವುದು ಇಲ್ಲೇ ತಿಳಿಯುತ್ತದೆ. ಗೇಜಿನ ಮುಳ್ಳು 1ರಿಂದ 2 ಬಾರ್‌ಗೆ ಏರಿದರೂ ಎಣ್ಣೆಯ ಹರಿವು ಇಮ್ಮಡಿಯಾಗದು, ಹೆಚ್ಚೆಂದರೆ ಅರ್ಧಪಾಲು ಹೆಚ್ಚೀತು. ಗಾಳಿಯ ದಾರಿ ಕಟ್ಟಿದ್ದರೆ ಆ ಹೆಚ್ಚುವರಿ ಎಣ್ಣೆ ಬರೀ ಹೊಗೆಯಾಗುತ್ತದೆ.

ಉರುವಲಿನ ಜೊತೆ ಗಾಳಿಯನ್ನೂ ಲೆಕ್ಕ ಹಾಕುವುದು ಭದ್ರಾವತಿಯವರಿಗೆ ಹೊಸ ಮಾತಲ್ಲ. 1923ರಲ್ಲಿ ಕಬ್ಬಿಣ ಇಳಿಸಲಾರಂಭಿಸಿದ ಅಲ್ಲಿನ ಕಾರ್ಖಾನೆಯ ಊದುಕುಲುಮೆಯಲ್ಲಿ ಇದ್ದಿಲಿನಷ್ಟೇ ಊದುವ ಗಾಳಿಗೂ ಲೆಕ್ಕವಿತ್ತು.

ದೋಷ ಹುಡುಕುವಾಗ ಮ್ಯಾಂಟಲ್ ನೋಡಿ. ಹಳೇ ಬಗೆಯ ಮ್ಯಾಂಟಲ್ಲಿನಲ್ಲಿರುವುದು ಬಹುಪಾಲು ಥೋರಿಯಂ ಆಕ್ಸೈಡ್, ಜೊತೆಗೆ ಶೇ. 1ರಷ್ಟು ಸೀರಿಯಂ ಆಕ್ಸೈಡ್. ನೀಲಿ ಉರಿಯಲ್ಲಿ ಕಾದರೆ ಮಾತ್ರ ಅದು ಬೆಳ್ಳಗೆ ಬೆಳಗುತ್ತದೆ. ಹಳದಿ ನಾಲಿಗೆ ಹೊರಚಾಚಿ ಮಸಿ ಕೂತರೆ ಗಾಳಿ ಸಾಲದು. ಜೇಡರಬಲೆಯೋ ಹುಳವೋ ಕೊಳವೆಯೊಳಗೆ ಸೇರಿರುತ್ತದೆ, ತೆಗೆದು ಒರೆಸಿ. ನಿಪ್ಪಲ್ಲಿಗೂ ಕೊಳವೆಯ ಬಾಯಿಗೂ ಸುಮಾರು ಒಂದೂವರೆ ಸೆಂಟಿಮೀಟರ್ ಅಂತರವಿರಬೇಕು. ತಿರುಪು ಸಡಿಲಿಸಿ ಕೊಳವೆಯನ್ನು ತುಸು ಮೇಲೆತ್ತಿದರೆ ಗಾಳಿ ಹೆಚ್ಚು, ಇಳಿಸಿದರೆ ಕಡಿಮೆ. ಉರಿ ನೀಲಿಯಾಗಿಯೇ ಇದ್ದು ಮ್ಯಾಂಟಲ್ ಸೊರಗಿದ್ದರೆ ಗಾಳಿ ಅತಿಯಾಗಿದೆ, ಇಲ್ಲವೇ ಎಣ್ಣೆ ಸಾಲುತ್ತಿಲ್ಲ. ಎಣ್ಣೆ ಸಾಲದಿದ್ದರೆ ನಿಪ್ಪಲ್ಲಿನೊಳಗಿನ ಪಿನ್ನು ಆಡಿಸಿ ತೂತು ಬಿಡಿಸಿ. ಇದೆಲ್ಲ ಸರಿಯಿದ್ದೂ ಹೊಗೆ ನಿಲ್ಲದಿದ್ದರೆ ಪಿನ್ನು ಉಜ್ಜಿ ಉಜ್ಜಿ ತೂತೇ ದೊಡ್ಡದಾಗಿದೆ. ಹೊಸ ನಿಪ್ಪಲ್ ಹಾಕದೆ ಬೇರೆ ಮದ್ದಿಲ್ಲ.

ಇಷ್ಟಾದ ಮೇಲೆ ಗೇಜು ನೋಡಿ, ಕೆಂಪು ಗೆರೆಗಿಂತ ಕೆಳಗಿದ್ದರೆ ಪಂಪು ಹೊಡೆಯಿರಿ. ಮುಳ್ಳು ಮತ್ತೆ ಬೇಗ ಇಳಿದರೆ ಎಣ್ಣೆ ಹಾಕುವ ಮುಚ್ಚಳದ ವಾಶರ್ ಸೋರುತ್ತಿರಬಹುದು. ಎಣ್ಣೆ ತುಂಬುವ ಮುನ್ನ ದೀಪ ಆರಿಸಿ, ತಣಿದ ಮೇಲೆ ಗಾಳಿ ತಿರುಪು ಸಡಿಲಿಸಿ ಒತ್ತಡ ಪೂರ್ತಿ ಬಿಡಿ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಂತೂ ಹಚ್ಚಲೇಬೇಡಿ. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಕಾರ್ಬನ್ ಮೊನಾಕ್ಸೈಡ್ ಹುಟ್ಟುವುದು ಗಾಳಿ ಸಾಲದ ಜಾಗದಲ್ಲೇ.