ಅಕ್ಕನ ಕೊನೆಯ ಮಾತು

1951ರ ಬ್ರಿಟಿಷ್ ಚಿತ್ರ ‘ಸ್ಕ್ರೂಜ್’ ಅನ್ನು ಮೊದಲ ಸಲ ನೋಡಿದಾಗ ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡದ್ದು ಒಂದೇ ದೂರು: ಡಿಕನ್ಸ್ ಬರೆಯದ್ದು ಇಲ್ಲಿ ಬಹಳ ಇದೆ. ಸಾಹಿತ್ಯದ ಸಂಶೋಧಕರಿಗೆ ಅಂಟುವ ಚಾಳಿಯಿದು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡೇ ಸಿನಿಮಾ ನೋಡುತ್ತೇವೆ. ಈಗ ಅನ್ನಿಸುತ್ತದೆ, ಆ ಸೇರ್ಪಡೆಗಳಲ್ಲೇ ಚಿತ್ರದ ಜೀವವಿದೆ.

1843ರಲ್ಲಿ ಪ್ರಕಟವಾದ ‘ಎ ಕ್ರಿಸ್ಮಸ್ ಕ್ಯಾರಲ್’ ಕಥೆ ಬಹುಮಂದಿಗೆ ಗೊತ್ತು. ಜಿಪುಣ ಸ್ಕ್ರೂಜ್‌ನನ್ನು ಸತ್ತ ಪಾಲುದಾರ ಮಾರ್ಲಿಯ ಪ್ರೇತ ಎಚ್ಚರಿಸುತ್ತದೆ. ಆಮೇಲೆ ಬರುವ ಮೂರು ಪ್ರೇತಗಳು ಅವನ ಬದುಕನ್ನು ಅವನಿಗೇ ತೋರಿಸುತ್ತವೆ. ಬೆಳಗಾಗುವಷ್ಟರಲ್ಲಿ ಅವನು ಬೇರೆ ಮನುಷ್ಯ.

ಪುಸ್ತಕದಲ್ಲಿ ಫ್ಯಾನ್ ಅವನ ಪುಟ್ಟ ತಂಗಿ. ಬ್ರಯಾನ್ ಡೆಸ್ಮಂಡ್ ಹರ್ಸ್ಟ್ ನಿರ್ದೇಶಿಸಿ, ನೋಯಲ್ ಲ್ಯಾಂಗ್ಲಿ ಚಿತ್ರಕಥೆ ಬರೆದ ಈ ಚಿತ್ರದಲ್ಲಿ ಅವಳು ಅಕ್ಕ. ಏಕೆಂದರೆ ಇಲ್ಲಿ ತಾಯಿ ಅವನನ್ನು ಹೆತ್ತು ಸತ್ತಿದ್ದಾಳೆ. ತಂದೆ ಅದಕ್ಕಾಗಿ ಮಗನನ್ನು ಎಂದೂ ಕ್ಷಮಿಸಲಿಲ್ಲ. ಮುಂದೆ ಫ್ಯಾನ್ ಕೂಡ ಮಗ ಫ್ರೆಡ್‌ನನ್ನು ಹೆತ್ತು ಸಾಯುತ್ತಾಳೆ. ತಂದೆ ತನಗೆ ಮಾಡಿದ್ದನ್ನೇ ಸ್ಕ್ರೂಜ್ ಅಕ್ಕನ ಮಗನಿಗೆ ಮಾಡುತ್ತಾನೆ. ಇಂಗ್ಲಿಷಿನ ‘ಅಂಕಲ್’ನಲ್ಲಿ ಅಡಗಿಹೋಗುವುದು ನಮ್ಮ ‘ಸೋದರಮಾವ’ದಲ್ಲಿ ಎದ್ದು ಕಾಣುತ್ತದೆ: ಆ ಮಗುವಿಗೆ ಸತ್ತ ತಾಯಿಯ ಕಡೆಯ ಆಸರೆಯಾಗಬೇಕಿದ್ದವನು ಇವನು.

ಸಾಯುವ ಮುನ್ನ ಫ್ಯಾನ್ ಮಗನನ್ನು ನೋಡಿಕೊಳ್ಳೆಂದು ತಮ್ಮನನ್ನು ಬೇಡುತ್ತಾಳೆ. ಆದರೆ ತರುಣ ಸ್ಕ್ರೂಜ್ ಅಷ್ಟರಲ್ಲಿ ಕೋಣೆಯಿಂದ ಹೊರನಡೆದಿರುತ್ತಾನೆ. ಆ ಮಾತು ಬೀಳುವುದು ಪ್ರೇತದೊಂದಿಗೆ ನಿಂತ ಮುದುಕನ ಕಿವಿಗೆ. ಕ್ಷಮಿಸೆಂದು ಅವನು ಅಳುವಾಗ ಅವಳಿಗೆ ಕೇಳಿಸದು.

ಇಷ್ಟೇ ಆಗಿದ್ದರೆ, ಬಾಲ್ಯದ ನೋವನ್ನು ತೋರಿಸಿ ಚಿತ್ರ ಅವನನ್ನು ಖುಲಾಸೆ ಮಾಡಿತೆನ್ನಬಹುದಿತ್ತು. ಆ ಆಕ್ಷೇಪಕ್ಕೆ ಉತ್ತರ ಮೂಲದಲ್ಲಿಲ್ಲದ ಇನ್ನೊಂದು ಪಾತ್ರ, ವ್ಯಾಪಾರಿ ಜಾರ್ಕಿನ್. ಉದಾರಿ ಫೆಜಿವಿಗ್‌ನ ಬಳಿಯಿದ್ದ ತರುಣನನ್ನು ಅವನು ತನ್ನತ್ತ ಸೆಳೆಯುತ್ತಾನೆ. ಮುಂದೆ ಜಾರ್ಕಿನ್ ಕಂಪನಿಯ ಹಣ ನುಂಗಿ ಸಿಕ್ಕಿಬಿದ್ದಾಗ, ಸ್ಕ್ರೂಜ್ ಮತ್ತು ಮಾರ್ಲಿ ನಷ್ಟ ತುಂಬಿಕೊಡುವುದಾಗಿ ಹೇಳಿ ಕಂಪನಿಯನ್ನೇ ಕೈವಶ ಮಾಡಿಕೊಳ್ಳುತ್ತಾರೆ. ಅಲ್ಲಿ ಯಾರೂ ಅಳುವುದಿಲ್ಲ. ಲೆಕ್ಕ ಹಾಕಿಯೇ ಮಾಡಿದ ಆಯ್ಕೆಯದು. ನೋವು ಕಾರಣವಾದೀತು, ಸಮರ್ಥನೆಯಾಗದು.

ಎಲ್ಲ ಸೇರ್ಪಡೆಗಳೂ ಗೆದ್ದಿಲ್ಲ. ಪುಸ್ತಕದ ಬೆಲ್ ಇಲ್ಲಿ ಅಲೀಸ್ ಆಗಿ, ದಿಕ್ಕಿಲ್ಲದವರ ಸೇವೆಯಲ್ಲಿ ಸಂತಳಂತೆ ಉಳಿದುಬಿಡುತ್ತಾಳೆ. ಅವನನ್ನು ಬಿಟ್ಟುಹೋದ ಮೇಲೆ ಸಂಸಾರ ಕಟ್ಟಿಕೊಂಡು ನಗುನಗುತ್ತ ಬದುಕುವ ಡಿಕನ್ಸನ ಬೆಲ್ ಹೆಚ್ಚು ಚುಚ್ಚುತ್ತಾಳೆ.

ಆದರೂ ಅಲೆಸ್ಟರ್ ಸಿಮ್ ಮುಖ ನೋಡುತ್ತ ನಾನು ಪುಸ್ತಕ ಮುಚ್ಚಿಟ್ಟೆ. ಕ್ರಿಸ್ಮಸ್ ದಿನ ಅವನು ಫ್ರೆಡ್‌ನ ಮನೆಗೆ ಬರುತ್ತಾನೆ. ಒಳಗೆ ಹಾಡು ನಡೆದಿದೆ. ಬಾಗಿಲ ಬಳಿ ನಿಂತವನಿಗೆ ಧೈರ್ಯ ಸಾಲದು, ತಿರುಗಿ ನೋಡುತ್ತಾನೆ. ಕೆಲಸದ ಹುಡುಗಿ ಹೋಗಿ ಎಂಬಂತೆ ತಲೆಯಾಡಿಸುತ್ತಾಳೆ. ಮೂರು ಪ್ರೇತಗಳು ಅವನನ್ನು ಹೊಸ್ತಿಲವರೆಗೆ ತಂದಿವೆ. ಒಳಗೆ ಕಾಲಿಡಲು ಬೇಕಾದದ್ದು ಅವನ ಹಳೆಯ ಕಥೆ ಏನೂ ಗೊತ್ತಿಲ್ಲದ ಒಬ್ಬಳ ಒಪ್ಪಿಗೆ.